ಮಗಳಿಗೊಂದು ಪತ್ರ: ಅಜ್ಜನ ಕಿರ್ದಿ

ಧಾರವಾಡ

ಚಿ. ಗೌರಿಗೆ ಅಪ್ಪನ ಆಶೀರ್ವಾದಗಳು.

ನೀನು ಬರೆಯುತ್ತಿರುವ ಸಂಪ್ರದಾಯವಾದಿಗಳ ಇತಿಹಾಸಕ್ಕೆ ಅಜ್ಜನ ಕಾಗದಪತ್ರ ಏನಾದರೂ ಉಳಿದಿದೆಯಾ ಅಂತ ಕೇಳಿದ್ದೆಯಲ್ಲ. ಹೋದ ವಾರ ಅಣ್ಣಿಗೇರಿಗೆ ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅರ್ಧ ಗೆದ್ದಲು ತಿಂದಿದೆ. 1959ರ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಒಂದು ಮಾತ್ರ ನೆಟ್ಟಗಿದೆ.

ಪಕ್ಕದ ಮನೆಯವರು ಈಗಲೂ ಬಿಡುವುದಿಲ್ಲ. "ಸಂಪ್ರದಾಯವಾದಿಗಳ ಇತಿಹಾಸ ಬರೀತಾಳಂತ, ಹಂಗಾರ ನಿಮ್ಮ ಮಗಳು ಯಾವ ಪಾರ್ಟಿರೀ?" "ಸಕ್ಕರೆ ಕಾಯಿಲೆ ಡಾಕ್ಟರಿಗೆ ಸಕ್ಕರೆ ಕಾಯಿಲೆ ಇರಬೇಕೇನ್ರೀ?" ಅಂದೆ. ಹೋಲಿಕೆ ಅಷ್ಟು ಸರಿ ಇಲ್ಲ ಬಿಡು. ಅಜ್ಜ ಇದ್ದಿದ್ದರೆ ಬೈಯುತ್ತಿದ್ದ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನದಲ್ಲಿ ರೈತರು ಹೊಲ ಕೂಡಿಸಿ ಒಟ್ಟಿಗೆ ಮಾಡುವ ಸಹಕಾರಿ ಬೇಸಾಯದ ಠರಾವು ಆಯಿತಲ್ಲ, ಅದರ ಸುದ್ದಿ ನಮ್ಮ ಹೊಲದ ತನಕ ಬಂದಿತ್ತು. ಅದನ್ನು ವಿರೋಧಿಸಿದ ರಾಜಾಜಿ, ರಂಗಾ, ಮಸಾನಿ ಮುಂತಾದ ನಾಯಕರೆಲ್ಲ ಸೇರಿ ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು. ಕಿರ್ದಿಯ ಅಂಚಿನಲ್ಲಿ ಅಜ್ಜ ಪೆನ್ಸಿಲಿನಲ್ಲಿ ಬರೆದಿದ್ದಾನೆ: "ಹೊಲ ಎಲ್ಲಾರದೂ ಆದರ ಬದು ಹಾಕವರು ಯಾರು?"

ಅಜ್ಜನಿಗೆ ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್ ಯಾರೋ ಗೊತ್ತಿರಲಿಲ್ಲ. ನನಗೂ ನೀನು ಹೇಳಿದ ಮೇಲೆಯೇ ಗೊತ್ತಾಗಿದ್ದು. ತಲೆಮಾರುಗಳು ಕಟ್ಟಿದ್ದನ್ನು ಒಂದು ಲೆಕ್ಕಾಚಾರ ನಂಬಿ ಕೆಡವಬೇಡಿ ಅಂತ ಆತ 1790ರಲ್ಲಿ ಫ್ರಾನ್ಸಿನ ಕ್ರಾಂತಿ ನೋಡಿ ಬರೆದ. ಪೆನ್ಸಿಲ್ ಸಾಲು ಓದುವಾಗ ಅದೇ ನೆನಪಾಯಿತು. ಅದೇ ಬರ್ಕ್ ನಮ್ಮ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪನಿ ಮಾಡಿದ ಅನ್ಯಾಯಕ್ಕೆ ಅದರ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಏಳು ವರ್ಷ ಕಟಕಟೆ ಹತ್ತಿಸಿದವನು! 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ, ಅದು ಬೇರೆ ಮಾತು.

ಕಿರ್ದಿಯಲ್ಲಿ ಇನ್ನೊಂದು ನೋಡು. ಎತ್ತುಗಳಿಗೆ ಹೆಸರಿದೆ. "ಕರಿಯಾಗ ಲಾಳ", "ಮೈಲ್ಯಾಗ ಹೊಸ ಹಗ್ಗ." ಅದರ ಕೆಳಗೇ "ಬದುವಿನ ಕೆಲಸ, ಆಳು 6." ಅಷ್ಟೇ. ಪುಸ್ತಕ ಪೂರ್ತಿ ತಿರುವಿದೆ, ಆಳುಗಳಲ್ಲಿ ಒಬ್ಬರ ಹೆಸರೂ ಇಲ್ಲ. ಒಬ್ಬಳ ಹೆಸರು ನನಗೆ ಗೊತ್ತು. ನೀಲವ್ವ. ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಳು. ವಾಪಸ್ ಬರುವಾಗ ಖಾಲಿ ಬುಟ್ಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದಳು. ಆ ಬದು ಈಗಲೂ ಇದೆ.

ಅಜ್ಜ ಕೆಟ್ಟವನಲ್ಲ ಗೌರಿ. ಅವನ ಹೆದರಿಕೆ ನಿಜವಾದದ್ದೇ, ಅದನ್ನು ಹಗುರ ಮಾಡಬೇಡ. ಆದರೆ ಪೆನ್ಸಿಲ್ ಸಾಲು ಹಾಕುವ ಪುಟದಲ್ಲೇ ಈ "ಆಳು 6" ಕೂಡ ಹಾಕು.

ಫೋಟೊ ಕಳಿಸಿದ್ದೇನೆ. ಪುಸ್ತಕ ಕೊರಿಯರಿಗೆ ಹಾಕಲು ಧೈರ್ಯವಿಲ್ಲ, ದೀಪಾವಳಿಗೆ ಬಂದಾಗ ಒಯ್ಯಿ. ನೀಲವ್ವನ ಮಗ ಹುಬ್ಬಳ್ಳಿಯಲ್ಲಿದ್ದಾನಂತೆ. ಉಳಿದ ಐದು ಹೆಸರು ಅವನಿಗೆ ಗೊತ್ತಿರಬಹುದು. ಇಬ್ಬರೂ ಹೋಗಿ ಬರೋಣ.

ಇಂತಿ,
ನಿನ್ನ ಅಪ್ಪ