ಇಸವಿಯ ಪಕ್ಕದ ಲಂಗರು

ಪ್ರಿಯ ಸುರೇಶ,

ಮೊದಲಿಗೆ ಒಂದು ಮಾತು: ಲಿಯೋನ್‌ನ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಆ ನಾಣ್ಯಗಳಿಗೆ ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡ. ದೇವರ ಮನೆಯ ದೀಪಕ್ಕೆ ಅದು ಸರಿ. ಉಜ್ಜಿದರೆ ಹೊಳಪೇನೋ ಬರುತ್ತದೆ. ಆದರೆ ನೂರೈವತ್ತು ವರ್ಷಗಳಲ್ಲಿ ಕಂಚಿನ ಮೇಲೆ ಕೂತ ಕಂದು ಬಣ್ಣ ಒಮ್ಮೆ ಹೋದರೆ ಹೋಯಿತು. ಹಸಿರು ಪುಡಿಯಾಗಿ ಉದುರುವ ಕಿಲುಬು ಕಂಡರೆ ಮಾತ್ರ ಆ ನಾಣ್ಯವನ್ನು ಬೇರೆ ಇಡು. ಅದು ಲೋಹವನ್ನು ತಿನ್ನುತ್ತಾ ಹೋಗುತ್ತದೆ.

ಚಿನ್ನ, ಬೆಳ್ಳಿಯ ಆಸೆ ಬಿಟ್ಟು ಫ್ರಾನ್ಸಿನ ದೊರೆ ಮೂರನೆಯ ನೆಪೋಲಿಯನ್ನನ ಕಂಚನ್ನೇ ಹಿಡಿ ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. 1852ರ ಮೇ ತಿಂಗಳ ಕಾನೂನು ಹಳೆಯ ತಾಮ್ರದ ಕಾಸುಗಳನ್ನೂ, ಕ್ರಾಂತಿಯ ಕಾಲದಲ್ಲಿ ಚರ್ಚಿನ ಗಂಟೆ ಕರಗಿಸಿ ಹೊಡೆದವನ್ನೂ ಹಿಂದಕ್ಕೆ ಪಡೆಯಿತು. ಅವುಗಳ ಜಾಗಕ್ಕೆ 1, 2, 5 ಮತ್ತು 10 ಸಾಂತೀಮ್‌ಗಳ (ಸಾಂತೀಮ್ ಎಂದರೆ ಫ್ರಾಂಕಿನ ನೂರನೆಯ ಒಂದು ಪಾಲು) ಹೊಸ ನಾಣ್ಯಗಳು ಬಂದವು: 95 ಪಾಲು ತಾಮ್ರ, 4 ಪಾಲು ತವರ, 1 ಪಾಲು ಸತು. ಒಂದು ಸಾಂತೀಮ್‌ಗೆ ಒಂದು ಗ್ರಾಂ ತೂಕ, ಹತ್ತಕ್ಕೆ ಹತ್ತು ಗ್ರಾಂ. ಎಷ್ಟು ಅಚ್ಚುಕಟ್ಟು! ಅಂಗಡಿಗೆ ಹೋಗುವಾಗ ಸಣ್ಣ ತಕ್ಕಡಿ ಜೊತೆಗಿರಲಿ. ಸವೆದದ್ದು ತುಸು ಕಡಿಮೆ ತೂಗುತ್ತದೆ, ಗಾಬರಿ ಬೇಡ.

ಹದ್ದಿರುವ ಬದಿಯಲ್ಲಿ, ಅದರ ಕೆಳಗೆ, ಟಂಕಸಾಲೆಯ ಅಕ್ಷರವಿರುತ್ತದೆ. 'ಎ' ಪ್ಯಾರಿಸ್, 'ಬಿ' ರೂಆನ್, ಜೋಡಿ 'ಬಿ' ಸ್ಟ್ರಾಸ್‌ಬೂರ್ಗ್, 'ಕೆ' ಬೋರ್ಡೋ, 'ಡಬ್ಲ್ಯು' ಲೀಲ್. ನಿನ್ನ ಊರು ಲಿಯೋನ್‌ನದು 'ಡಿ'. ಎಲ್ಲ ಊರುಗಳನ್ನೂ ಸೇರಿಸುವ ಹಠ ಹಿಡಿದರೆ ಸಂಗ್ರಹಕ್ಕೊಂದು ದಾರಿ ಸಿಗುತ್ತದೆ.

ಆದರೆ ನನ್ನ ಜೀವ ಇರುವುದು 1855ರಲ್ಲಿ. ಈ ನಾಣ್ಯಗಳ ಅಚ್ಚು ಕೆತ್ತಿದವನು ಪ್ಯಾರಿಸ್ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಬಾರ್. ದೊರೆಯ ಕುತ್ತಿಗೆಯ ಕೆಳಗೆ ಅವನ ಹೆಸರೇ ಇದೆ. ಅವನ ಗುರುತು ನಾಯಿಯ ತಲೆ. 1855ರ ಜೂನ್‌ನಲ್ಲಿ ಅವನು ತೀರಿಕೊಂಡ. ಅವನ ಜಾಗಕ್ಕೆ ಮಗ ಆಲ್ಬೇರ್ ಬಂದ. ಮಗನ ಗುರುತು ಲಂಗರು. ಹೀಗಾಗಿ ಒಂದೇ ವರ್ಷದ ನಾಣ್ಯಗಳಲ್ಲಿ ಇಸವಿಯ ಪಕ್ಕ ಕೆಲವಕ್ಕೆ ನಾಯಿ, ಕೆಲವಕ್ಕೆ ಲಂಗರು. ಎಳ್ಳಿನಷ್ಟು ಸಣ್ಣ ಗುರುತು, ಭೂತಗನ್ನಡಿಯಿಲ್ಲದೆ ಕಾಣದು. ಒಂದು ಮನೆಯ ಸಾವು ಇಡೀ ದೇಶದ ಚಿಲ್ಲರೆಯ ಮೇಲೆ ದಾಖಲಾಗಿರುವುದನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1860ರ ಆಸುಪಾಸಿನಲ್ಲಿ, ಇಟಲಿಯ ಯುದ್ಧ ಗೆದ್ದ ಮೇಲೆ, ದೊರೆಯ ಬರಿದಲೆಗೆ ಎಲೆಯ ಕಿರೀಟ ಬಂತು. 1870ರಲ್ಲಿ ಪ್ರಷ್ಯದ ವಿರುದ್ಧದ ಯುದ್ಧದಲ್ಲಿ ದೊರೆ ಸೆಡಾನ್‌ನಲ್ಲಿ ಸೋತು ಸೆರೆಯಾದಾಗ ಜನ ನಾಣ್ಯದ ಮೇಲಿನ ಅದೇ ತಲೆಗೆ ಪ್ರಷ್ಯದ ಮೊನೆಯ ಶಿರಸ್ತ್ರಾಣ ಕೆತ್ತಿದರು. ಅಂಥದ್ದು ಸಿಕ್ಕರೆ ಬಿಡಬೇಡ, ಆದರೆ ಇತ್ತೀಚೆಗೆ ಕೆತ್ತಿ ಹಳೆಯದೆಂದು ಮಾರುವವರೂ ಇರುತ್ತಾರೆ. ಕೆತ್ತಿದ ಗೆರೆಯೊಳಗೂ ಕಂದು ಬಣ್ಣವಿದೆಯೇ ನೋಡು.

ನಿನ್ನ ಹತ್ತು ಸಾಂತೀಮ್‌ನ ಮೇಲೆ 1855 ಎಂದಿದೆ ಎಂದು ನೀನು ಬರೆದಿದ್ದೆ. ಇಸವಿಯ ಎರಡೂ ಪಕ್ಕವನ್ನು ಹಗಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ಫೋಟೋ ತೆಗೆದು ಕಳಿಸು. ನನ್ನ ಬಳಿ ಲಂಗರಿನದು ಮಾತ್ರ ಇದೆ.

ನಿನ್ನ,
ರಘು