ಅರಳಿಕಟ್ಟೆಯಲ್ಲಿ ಪಾಟಿ ಸವಾಲು ಇಲ್ಲ: ಗೃಹ ಸಚಿವರಿಗೆ ಮಂಡ್ಯದಿಂದ ಒಂದು ಪತ್ರ

ಮಾನ್ಯ ಗೃಹ ಸಚಿವರಿಗೆ, ಮಂಡ್ಯದಿಂದ ನಮಸ್ಕಾರಗಳು.

ನಾನು ಇಲ್ಲಿನ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾರು ವರ್ಷ ಆಯ್ತು. ಅರ್ಜಿ, ಅಫಿಡವಿಟ್, ಕರಾರು, ವಿಭಾಗ ಪತ್ರ, ಎಲ್ಲಾ ಕನ್ನಡದಲ್ಲೇ. "ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿರುತ್ತೇನೆ" ಅನ್ನೋ ಸಾಲನ್ನು ದಿನಕ್ಕೆ ಹತ್ತು ಸಲವಾದರೂ ಟೈಪ್ ಮಾಡುತ್ತೇನೆ. ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲು ಬಂದ ಹೆಣ್ಣುಮಕ್ಕಳು ಆ ಸಾಲಿನ ಕೆಳಗೆ ಕಣ್ಣೊರೆಸಿಕೊಂಡು ಸಹಿ ಹಾಕುವುದನ್ನು ನೋಡಿದ್ದೇನೆ. ಹಾಗಾಗಿ ಕಾಗದದಲ್ಲಿ ಆ ಸಾಲು ಇದ್ದ ಮಾತ್ರಕ್ಕೆ ಒತ್ತಾಯ ಇರಲಿಲ್ಲ ಅಂತ ನಾನು ನಂಬುವುದಿಲ್ಲ.

ಮೂರು ವರ್ಷದ ಹಿಂದೆ ಅದೇ ಸಾಲಿನ ಕೆಳಗೆ ನನ್ನ ತಮ್ಮನ ಸಹಿ ನೋಡಿದೆ. ಸುಳ್ಳು ಪತ್ತೆ ಪರೀಕ್ಷೆಗೆ, ಅಂದರೆ ಪಾಲಿಗ್ರಾಫ್‌ಗೆ, ಅವನು ಕೊಟ್ಟ ಒಪ್ಪಿಗೆ ಪತ್ರ ಅದು.

ಅವನು ಜಿಲ್ಲೆಯ ಒಂದು ಪೆಟ್ರೋಲ್ ಬಂಕಿನಲ್ಲಿ ಕ್ಯಾಷಿಯರ್ ಆಗಿದ್ದ. ಒಂದು ಸೋಮವಾರ ಬ್ಯಾಂಕಿಗೆ ಕಟ್ಟಬೇಕಿದ್ದ ದುಡ್ಡಿನಲ್ಲಿ 2 ಲಕ್ಷದ 40 ಸಾವಿರ ಕಮ್ಮಿ ಬಂತು. ಬೀರುವಿನ ಬೀಗದ ಕೈ ಮೂರು ಜನರ ಹತ್ತಿರ ಇತ್ತು. ಮೂವರಲ್ಲಿ ಬಡವ ಇವನೇ. ದಿನಾ ಬೆಳಗ್ಗೆ ಹತ್ತಕ್ಕೆ ಠಾಣೆಗೆ ಬಾ ಅಂದರು, ರಾತ್ರಿ ಒಂಬತ್ತಕ್ಕೆ ಕಳಿಸಿದರು. ಯಾರೂ ಹೊಡೆಯಲಿಲ್ಲ, ಅದನ್ನು ಹೇಳಲೇಬೇಕು. ಬೆಂಚಿನ ಮೇಲೆ ಕೂರಿಸಿ, ಹೋಗಿ ಬರುವವರೆಲ್ಲ ಒಂದೇ ಮಾತು ಕೇಳಿದರು: "ತಪ್ ಮಾಡಿಲ್ಲ ಅಂದ್ಮೇಲೆ ಮಷೀನ್‌ಗೆ ಯಾಕ್ಲಾ ಹೆದ್ರುಕೊಂಡೀಯೆ?" ಐದನೇ ದಿನ ಮನೆಗೆ ಬಂದವನು ಚಪ್ಪಲಿ ಬಿಡುತ್ತಾ, "ಸೈನ್ ಹಾಕ್ಬುಟ್ಟೆ ಕಣಕ್ಕ" ಅಂದ. ಅವ್ವ ಅನ್ನ ಬಡಿಸಿದ ತಟ್ಟೆ ಹಾಗೇ ಇತ್ತು. ಅವನು ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಆಮೇಲೆ ಕೋರ್ಟಿನಲ್ಲಿ "ಒಪ್ಪಿಗೆ ಇದೆಯಾ?" ಅಂತ ಕೇಳಿದಾಗ "ಇದೆ ಸ್ವಾಮಿ" ಅಂದಿದ್ದಾನೆ. ಇನ್ನೇನು ಹೇಳಿಯಾನು? ಕರೆದುಕೊಂಡು ಬಂದ ಜೀಪು ಆಚೆ ನಿಂತಿತ್ತು. ವಾಪಸ್ ಹೋಗಬೇಕಿದ್ದದ್ದೂ ಅದೇ ಜೀಪಿನಲ್ಲಿ. ಪಕ್ಕದಲ್ಲಿ ವಕೀಲರು ಇರಲಿಲ್ಲ. ಕೋರ್ಟ್ ಆವರಣದಲ್ಲೇ ಉಚಿತ ಕಾನೂನು ನೆರವು ಸಿಗುತ್ತೆ. ದಿನವಿಡೀ ಆ ಬಾಗಿಲ ಮುಂದೆ ಓಡಾಡುವ ನನಗೇ ಆವತ್ತು ಅದು ಹೊಳೆಯಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತೆ.

ಬೆಂಗಳೂರಿಗೆ ಕರೆದುಕೊಂಡು ಹೋದರು. ತೋಳಿಗೆ ಬಿಪಿ ನೋಡುವ ಪಟ್ಟಿ, ಎದೆಗೂ ಹೊಟ್ಟೆಗೂ ಒಂದೊಂದು ರಬ್ಬರ್ ಕೊಳವೆ, ಎರಡು ಬೆರಳಿಗೆ ತಗಡಿನ ಬಿಲ್ಲೆ. ಯಂತ್ರ ಅಳೆಯುವುದು ಇಷ್ಟೇ ಸರ್: ರಕ್ತದೊತ್ತಡ, ನಾಡಿ, ಉಸಿರು, ಬೆವರು. ಸುಳ್ಳನ್ನು ಅಳೆಯುವ ಸಾಧನ ಅದರಲ್ಲಿ ಯಾವುದೂ ಇಲ್ಲ. ಕೇಸಿಗೆ ಸಂಬಂಧಪಟ್ಟ ಪ್ರಶ್ನೆಗಳ ನಡುವೆ ಬೇರೆ ಥರದ ಒಂದೆರಡು ಪ್ರಶ್ನೆ ಸೇರಿಸುತ್ತಾರೆ. "ಯಾವತ್ತಾದರೂ ನಿನ್ನದಲ್ಲದ ದುಡ್ಡು ತೆಗೆದಿದ್ದೀಯಾ?" ಅಂತ. ಇಂಥ ಪ್ರಶ್ನೆಗೆ ಎಲ್ಲರೂ ಒಳಗೊಳಗೇ ಅಳುಕುತ್ತಾರೆ, ಕೇಸಿನ ಪ್ರಶ್ನೆಗೆ ಅದಕ್ಕಿಂತ ಜಾಸ್ತಿ ಅಳುಕಿದವನು ಸುಳ್ಳು ಹೇಳುತ್ತಿದ್ದಾನೆ ಅನ್ನೋದು ಅವರ ಲೆಕ್ಕ.

ನನ್ನ ತಮ್ಮ ಆ ಪ್ರಶ್ನೆಗೆ ಅಳುಕಲೇ ಇಲ್ಲ. ಚಿಕ್ಕವನಿದ್ದಾಗ ಅವ್ವನ ಸಾಸಿವೆ ಡಬ್ಬದಿಂದ ಹತ್ತು ರೂಪಾಯಿ ತೆಗೆದು ಜಾತ್ರೆಗೆ ಹೋಗಿದ್ದು ನಮ್ಮ ಮನೆಯಲ್ಲಿ ಎಲ್ಲರೂ ಆಡಿಕೊಂಡು ನಗುವ ಕಥೆ. ಅದನ್ನೇ ಹೇಳಿದನಂತೆ. "ಬಂಕಿನ ದುಡ್ಡು ನೀನು ತೆಗೆದೆಯಾ?" ಅಂದಾಗ ಮಾತ್ರ ಎದೆ ಹೊಡೆದುಕೊಂಡಿತು. ಯಾಕೆ ಹೊಡೆದುಕೊಳ್ಳಬಾರದು? ಅವನ ಕೆಲಸ, ಮಾನ, ಮುಂದಿನ ತಿಂಗಳಿದ್ದ ನಿಶ್ಚಿತಾರ್ಥ ಎಲ್ಲಾ ಆ ಒಂದು ಪ್ರಶ್ನೆಯಲ್ಲಿತ್ತು. ತಪ್ಪು ಮಾಡದವನಿಗೂ ಹೆದರಿಕೆ ಆಗುತ್ತೆ. ತಪ್ಪು ಮಾಡದವನಿಗೆ ಇನ್ನೂ ಜಾಸ್ತಿ ಆಗಬಹುದು.

ವರದಿ ನಮ್ಮ ಕೈಗೆ ಬರಲಿಲ್ಲ. ಆದರೆ ನಮಗಿಂತ ಮೊದಲು ಊರಿಗೆ ಗೊತ್ತಾಯ್ತು. "ಒಂದು ಪ್ರಶ್ನೆಗೆ ಮಷೀನ್ ಸುಳ್ಳು ಅಂತ ತೋರಿಸ್ತಂತೆ." ಅಷ್ಟೇ. ಹುಡುಗಿಯ ಮನೆಯವರು ಒಂದು ವಾರಕ್ಕೆ ಫೋನ್ ಮಾಡಿ ಬೇಡ ಅಂದರು. ಬಂಕಿನ ಮಾಲೀಕರು ಕೆಲಸ ಬಿಡಿಸಿದರು. ಎರಡು ವರ್ಷ ಆದಮೇಲೆ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್ ಹಾಕಿದರು, ಪತ್ತೆಯಾಗಲಿಲ್ಲ ಅಂತ. ದುಡ್ಡು ಯಾರು ತೆಗೆದರು ಅಂತ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಮಾತು. ಬಂಕಿನಲ್ಲಿ ಸಿಸಿಟಿವಿ ಇತ್ತು. ಬೀರು ಇದ್ದ ಕೋಣೆಯ ಬಾಗಿಲು ಅದರಲ್ಲಿ ಕಾಣುತ್ತಿತ್ತು. ಹದಿನೈದು ದಿನಕ್ಕೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತೆ. ಪೊಲೀಸರು ಆ ಡಿವಿಆರ್ ಕೇಳಿದ್ದು ಹದಿನೇಳನೇ ದಿನ.

ಕಾನೂನು ಏನು ಹೇಳುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಈ ವಿಷಯದ ದೊಡ್ಡ ತೀರ್ಪಿನ ಹೆಸರಲ್ಲೇ ನಮ್ಮ ರಾಜ್ಯ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಇವು ಯಾವುದಕ್ಕೂ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಆವತ್ತು ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಒತ್ತಾಯಿಸಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ ಇದಕ್ಕೂ ಅನ್ವಯ ಆಗುತ್ತೆ. ಒಪ್ಪಿಕೊಂಡು ಕೂತರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷಿ ಆಗುವುದಿಲ್ಲ. ಅದರ ಸುಳಿವಿನಿಂದ ಮುಂದೆ ಏನಾದರೂ ವಸ್ತು ಸಿಕ್ಕರೆ ಅದನ್ನು ಮಾತ್ರ ಪರಿಗಣಿಸಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲೇ ನಿಯಮ ಮಾಡಿತ್ತು: ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಕೊಡಬೇಕು, ವಕೀಲರ ನೆರವು ಇರಬೇಕು, ಪರೀಕ್ಷೆಯಿಂದ ಏನಾಗುತ್ತೆ ಅಂತ ಬಿಡಿಸಿ ಹೇಳಿರಬೇಕು. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಸೆಲ್ವಿ ತೀರ್ಪು ಹೇಳಿದೆ. 2025ರ ಜೂನ್‌ನಲ್ಲಿ ಬಿಹಾರದ ಒಂದು ಕೇಸಿನಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು.

ಹಾಗಾದರೆ ತೊಂದರೆ ಎಲ್ಲಿ? ನನಗೆ ಇದು ಅರ್ಥ ಆಗಲು ಬಹಳ ದಿನ ಹಿಡಿಯಿತು. ಕೋರ್ಟ್ ಒಪ್ಪುವುದಿಲ್ಲ ಅನ್ನೋ ಕಾರಣಕ್ಕೇ ಆ ವರದಿ ಕೋರ್ಟಿಗೆ ಬರಲೇ ಇಲ್ಲ. ಬಂದಿದ್ದರೆ ನಮ್ಮ ಕಡೆ ವಕೀಲರು ಪಾಟಿ ಸವಾಲು ಮಾಡುತ್ತಿದ್ದರು. ಎಷ್ಟು ಪ್ರಶ್ನೆ ಕೇಳಿದಿರಿ, ಹಿಂದಿನ ರಾತ್ರಿ ಅವನು ನಿದ್ದೆ ಮಾಡಿದ್ದನಾ, ಗೆರೆ ಎಲ್ಲಿ ಏರಿತು, ಯಾಕೆ ಏರಿತು ಅಂತ ಒಂದೊಂದಾಗಿ ಕೇಳುತ್ತಿದ್ದರು. ಅದು ಬಂದಿದ್ದು ನಮ್ಮೂರಿನ ಅರಳಿಕಟ್ಟೆಗೆ. ಅಲ್ಲಿ ಪಾಟಿ ಸವಾಲು ಇಲ್ಲ ಸರ್. ಅಲ್ಲಿ ಮೇಲ್ಮನವಿಯೂ ಇಲ್ಲ.

ಹೊಡೆದು ಬಡಿದು ಬಾಯಿ ಬಿಡಿಸುವುದಕ್ಕಿಂತ ಯಂತ್ರ ವಾಸಿ ಅಲ್ವಾ ಅಂತ ನನ್ನ ಅಂಗಡಿಗೆ ಬರುವ ಒಬ್ಬರು ಹಿರಿಯರು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಲಾಠಿ, ಯಂತ್ರ, ಇವೆರಡರಲ್ಲಿ ಒಂದನ್ನು ಆರಿಸಿಕೋ ಅನ್ನುವ ಗತಿ ನಮಗೆ ಯಾಕೆ ಬರಬೇಕು ಅಂತ ನಾನು ಕೇಳಿದೆ. ಎರಡೂ ಮನುಷ್ಯನ ಬಾಯಿಂದಲೇ ಕೇಸ್ ಮುಗಿಸುವ ದಾರಿ. ಡಿವಿಆರ್ ತರಿಸುವುದು, ಮೂರೂ ಬೀಗದ ಕೈ ಯಾರ ಹತ್ತಿರ ಯಾವಾಗ ಇತ್ತು ಅಂತ ಬರೆದುಕೊಳ್ಳುವುದು, ಲೆಕ್ಕದ ಪುಸ್ತಕ ನೋಡುವುದು, ಇದು ಮೂರನೇ ದಾರಿ. ಕಷ್ಟದ್ದು, ನಿಜ. ಠಾಣೆಗಳಲ್ಲಿ ಜನ ಕಮ್ಮಿ, ಬಂದೋಬಸ್ತ್ ಡ್ಯೂಟಿ ಜಾಸ್ತಿ. ಅದೂ ನನಗೆ ಗೊತ್ತು.

ಯಂತ್ರವನ್ನು ಕಂಡುಹಿಡಿದ ದೇಶದಲ್ಲೇ ಅದರ ಬಗ್ಗೆ ಅನುಮಾನ ಇದೆ. ಅಮೆರಿಕದ ಬರ್ಕ್ಲಿಯಲ್ಲಿ ಪೊಲೀಸ್ ಆಗಿದ್ದ ಜಾನ್ ಲಾರ್ಸನ್ 1921ರಲ್ಲಿ ಇದನ್ನು ಮಾಡಿದರು. ಅಲ್ಲಿ ಸರಣಿ ಕೊಲೆಗಳ ಅನುಮಾನದ ಮೇಲೆ 1984ರಲ್ಲಿ ಗ್ಯಾರಿ ರಿಡ್ಜ್‌ವೇ ಅನ್ನುವವನನ್ನು ಇದಕ್ಕೆ ಕೂರಿಸಿದರು, ಪಾಸಾದ. 2001ರಲ್ಲಿ ಡಿಎನ್‌ಎಯಿಂದ ಸಿಕ್ಕಿಬಿದ್ದ. 2003ರಲ್ಲಿ 48 ಕೊಲೆ ಒಪ್ಪಿಕೊಂಡ. ಅದೇ ವರ್ಷ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಅಚ್ಚಾಯಿತು. ಸುಮ್ನೆ ಊಹೆ ಮಾಡುವುದಕ್ಕಿಂತ ಯಂತ್ರ ಮೇಲು, ಆದರೆ ತಪ್ಪೇ ಆಗದ ಮಟ್ಟಕ್ಕಿಂತ ಬಹಳ ಕೆಳಗೆ ಅನ್ನೋದು ಅದರ ಸಾರ. ಖಾಸಗಿ ಮಾಲೀಕರು ತಮ್ಮ ಕೆಲಸಗಾರರನ್ನು ಇದಕ್ಕೆ ಕೂರಿಸುವುದನ್ನು ಅಲ್ಲಿನ ಕಾನೂನು 1988ರಲ್ಲೇ ಬಹುಮಟ್ಟಿಗೆ ನಿಲ್ಲಿಸಿತು.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಮೈಸೂರನ್ನೇ ನೋಡಿ. ಹೆಂಡತಿಯನ್ನು ಕೊಂದ ಅಂತ ಕೊಡಗಿನ ಒಬ್ಬ ಕೂಲಿಯವರನ್ನು ಒಂದೂವರೆ ವರ್ಷದಷ್ಟು ಜೈಲಿನಲ್ಲಿ ಇಟ್ಟಿದ್ದರು. ಪಿರಿಯಾಪಟ್ಟಣ ತಾಲೂಕಿನಲ್ಲಿ ಸಿಕ್ಕ ಒಂದು ಅಸ್ಥಿಪಂಜರ ಆಕೆಯದೇ ಅಂದಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಗಸು ಮಡಿಕೇರಿಯಲ್ಲಿ ಜೀವಂತ ಸಿಕ್ಕರು. ಮೈಸೂರಿನ ಕೋರ್ಟಿಗೆ ಬಂದು ನಿಂತರು. ಆಮೇಲೆ ಕೋರ್ಟ್ ಆತನನ್ನು ನಿರಪರಾಧಿ ಅಂತ ಖುಲಾಸೆ ಮಾಡಿತು. ಆ ಕೇಸಿನಲ್ಲಿ ಪಾಲಿಗ್ರಾಫ್ ಮಾತು ಬರುವುದಿಲ್ಲ. ಆದರೆ ಇವನೇ ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕಂತೆ ತನಿಖೆ ನಡೆಸಿದರೆ ಏನಾಗುತ್ತೆ ಅಂತ ಓದಿದಾಗ ನಮ್ಮ ಮನೆಯೇ ಕಣ್ಣ ಮುಂದೆ ಬಂತು.

ಈ ಪರೀಕ್ಷೆಯನ್ನೇ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ತಾನಾಗಿ ಮುಂದೆ ಬಂದು ಕೂರುತ್ತೇನೆ ಅನ್ನುವವರು ಕೂರಲಿ. ನಾನು ಕೇಳುವುದು ನಿಮ್ಮ ಇಲಾಖೆ ಒಂದು ಸುತ್ತೋಲೆಯಲ್ಲಿ ಮಾಡಬಹುದಾದ ಕೆಲಸ. ಒಪ್ಪಿಗೆ ಕೇಳುವ ಮೊದಲು ಆ ಮನುಷ್ಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಜೊತೆ ಅರ್ಧ ಗಂಟೆ ಮಾತಾಡಲಿ, ಪೊಲೀಸರು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಇರದೆ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ಹೇಳುವಾಗ ತನಿಖಾಧಿಕಾರಿ ಆಚೆ ನಿಲ್ಲುವಂತೆ ನಿಮ್ಮ ಇಲಾಖೆಯೇ ಹೇಳಲಿ. ಬೇಡ ಅಂದವನನ್ನು ಬೇಡ ಅಂದ ಕಾರಣಕ್ಕೆ ಕಳ್ಳ ಅನ್ನಬಾರದು, ಠಾಣೆಯಲ್ಲೂ, ಟಿವಿ ಮುಂದೆಯೂ. ವರದಿಯ ನಕಲು ಅವನ ಕೈಗೆ ಸಿಗಲಿ. ಅದರ ವಿಷಯವನ್ನು ಬೇರೆಯವರಿಗೆ ಹೇಳಿದ ಸಿಬ್ಬಂದಿಯ ಮೇಲೆ ಕ್ರಮ ಆಗಲಿ. ವರ್ಷಕ್ಕೆ ಎಷ್ಟು ಜನರನ್ನು ಕೂರಿಸಿದಿರಿ, ಅದರಲ್ಲಿ ಎಷ್ಟು ಕೇಸಿಗೆ ನಿಜವಾಗಿ ಸುಳಿವು ಸಿಕ್ಕಿತು ಅನ್ನೋ ಲೆಕ್ಕವನ್ನು ವಿಧಾನಸಭೆಯಲ್ಲಿ ಇಡಿ.

ಎಲ್ಲಕ್ಕಿಂತ ಮೊದಲು ಆ ಒಪ್ಪಿಗೆ ಪತ್ರ ಬದಲಾಗಬೇಕು. ತಮ್ಮನ ಪತ್ರದಲ್ಲಿ "ಸದರಿ ಪರೀಕ್ಷೆಯ ಸಾಧಕ ಬಾಧಕಗಳನ್ನು ಅರಿತಿರುತ್ತೇನೆ" ಅಂತ ಇತ್ತು. ಏನು ಅರಿತಿದ್ದ ಅವನು? ಹತ್ತನೇ ಕ್ಲಾಸ್ ಓದಿದವನಿಗೂ, ಓದು ಬಾರದವರಿಗೆ ಓದಿ ಹೇಳಿದರೂ, ಅರ್ಥ ಆಗುವ ಹಾಗೆ ನಾನೇ ಒಂದು ಕರಡು ಟೈಪ್ ಮಾಡಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಒಟ್ಟು ಹದಿನಾಲ್ಕು ಸಾಲು. ಮೊದಲನೇ ಸಾಲು ಹೀಗಿದೆ: "ನೀವು ಈ ಪರೀಕ್ಷೆ ಬೇಡ ಅನ್ನಬಹುದು. ಬೇಡ ಅಂದರೆ ನಿಮ್ಮ ಮೇಲೆ ಯಾವ ತಪ್ಪೂ ಹೊರಿಸುವಂತಿಲ್ಲ." ಕಾನೂನಿನ ಪ್ರಕಾರ ತಿದ್ದಬೇಕಿದ್ದರೆ ತಿದ್ದಿಸಿ. ಕನ್ನಡವನ್ನು ಮಾತ್ರ ಕಷ್ಟ ಮಾಡಬೇಡಿ.

ತಮ್ಮ ಈಗ ಒಂದು ಟಾಟಾ ಏಸ್ ಓಡಿಸುತ್ತಾನೆ. ಆಲೆಮನೆಗಳಿಂದ ಮಾರ್ಕೆಟ್‌ಗೆ ಬೆಲ್ಲ ಸಾಗಿಸುತ್ತಾನೆ. ಬಾಡಿಗೆಯನ್ನು ಕೈಗೆ ಕೊಡಲು ಬಂದರೆ ತೆಗೆದುಕೊಳ್ಳುವುದಿಲ್ಲ. ಫೋನ್‌ಪೇ ಮಾಡಿ ಅನ್ನುತ್ತಾನೆ. ಚಿಲ್ಲರೆ ಐವತ್ತು ರೂಪಾಯಿ ಆದರೂ ಅಷ್ಟೇ. ಅವನ ವರದಿಯ ನಕಲು ಬೇಕು ಅಂತ ಬರೆದ ಅರ್ಜಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಅದನ್ನು ಕೊಡಿಸಿ.

ಇಂತಿ,
ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯವಳು,
ಮಂಡ್ಯ