ಶಾಸಕ ಸಾಹೇಬ್ರಿಗೆ ಬಹಿರಂಗ ಪತ್ರ: ಹೊಳಿ ದಂಡಿಗೆ ಒಂದು ಕಂಬ, ದೋಣಿಗೆ ಒಂದು ಪುಸ್ತಕ ಕೊಡಸ್ರಿ

ಮಾನ್ಯ ಶಾಸಕ ಸಾಹೇಬ್ರ, ನಮಸ್ಕಾರ ರೀ.

ನಾ ವಿಜಯಪುರದಾಂವ, ನಿಮ್ಮ ಕ್ಷೇತ್ರದ ಮತದಾರ, ಪೈಪು ಮೋಟರ್ ಸಣ್ಣ ಅಂಗಡಿ ಇಟ್ಟೀನಿ. ಇವತ್ತಿನ ಮಟ ನಿಮ್ಮ ಮನಿ ಬಾಗಲಾ ಬಡದಾಂವ ಅಲ್ಲ. ಈ ಪತ್ರಾ ಕರಾವಳಿಯಾಗ ದೋಣಿಲೆ ಹೋಗಿ ಟೆಂಟ್ ಹೊಡಿಯಾವರ ಜೀವದ ವಿಷಯದ್ದು, ಹಂಗಂತ "ಅದು ನನ್ನ ಕ್ಷೇತ್ರ ಅಲ್ಲ" ಅಂದು ಮಡಚಿ ಇಡಬ್ಯಾಡ್ರಿ. ನಮ್ಮೂರಿನ 52ನೇ ಹೆದ್ದಾರಿ ಕೊಲ್ಹಾರದ ಸೇತುವಿ ದಾಟಿ, ಹುಬ್ಬಳ್ಳಿ ಯಲ್ಲಾಪುರ ಹಾದು, ಅರಬೈಲ್ ಘಟ್ಟ ಇಳದು ಸೀದಾ ಅಂಕೋಲಾಕ್ಕ ಹೋಗಿ ಮುಟ್ಟತೈತಿ. ಡಿಸೆಂಬರ್ ರಜಾದಾಗ ಆ ಘಟ್ಟದಾಗ ನಿಂತು ನೋಡ್ರಿ, ಕೆಎ 28, ಕೆಎ 29, ಕೆಎ 22 ಗಾಡಿ ಸಾಲು ಹಚ್ಚಿರ್ತಾವ. ಅಲ್ಲಿ ನೀರಿಗಿ ಇಳಿಯಾವರು ನಿಮ್ಮ ಮಂದಿ ರೀ.

ಆರು ವರ್ಷದಿಂದ ವರ್ಷಕ್ಕೊಮ್ಮೆ ಟೆಂಟ್ ತಗೊಂಡು ಹೋಗ್ತೀವಿ. ಸೀಜನ್‌ನಾಗ ಲಾಡ್ಜ್ ರೇಟ್ ನಮ್ಮಂಥವರ ಕೈಗೆ ನಿಲುಕೂದಿಲ್ಲ. ಗೋಕರ್ಣದ ಹಾಫ್ ಮೂನ್, ಪ್ಯಾರಡೈಸ್ ಬೀಚಿಗೆ ಗುಡ್ಡಾ ಹತ್ತಿ ನಡಕೋತ ಹೋಗಬೇಕು ಇಲ್ಲಾ ದೋಣಿ ಹಿಡೀಬೇಕು, ಅಲ್ಲೂ ಹೋಗೀವಿ, ಶರಾವತಿ ಹಿನ್ನೀರಿನ ಕಡಿನೂ ಹೋಗೀವಿ. ಪ್ರತಿ ವರ್ಷ ಒಂದಿಲ್ಲೊಂದು ತ್ರಾಸು. ಒಮ್ಮೆ ನಡುರಾತ್ರಿ ಟಾರ್ಚ್ ಹಿಡಕೊಂಡು ಬಂದು ಏಳ್ರಿ ಇಲ್ಲಿ ಪರ್ಮಿಶನ್ ಇಲ್ಲ ಅಂದ್ರು, ಎಲ್ಲೈತಿ ಅಂತ ಕೇಳಿದ್ರ ಅದನ್ನ ಹೇಳಲಿಲ್ಲ. ಇನ್ನೊಮ್ಮೆ ದೋಣಿಯಾಂವ ನಡುನೀರಾಗ ಬಾಡಗಿ ಎರಡಪಟ್ಟು ಮಾಡಿದಾ. ಅವನ್ನೆಲ್ಲಾ ನುಂಗಿಕೊಂಡ್ವಿ.

ಈ ಸಲದ್ದು ನುಂಗಾಕ ಆಗವಲ್ದು.

ಹುಣ್ಣಿಮಿ ನೋಡೇ ಹೋಗಿದ್ವಿ, ಬೆಳದಿಂಗಳ ಊಟ ಮಾಡೂಣು ಅಂತ. ನಾನು, ನನ್ನ ಹೆಂಡತಿ, ಎರಡ ಮಕ್ಕಳು, 68 ವರ್ಷದ ನಮ್ಮವ್ವ. ಅಘನಾಶಿನಿ ಹೊಳಿ ಸಮುದ್ರಕ್ಕ ಸೇರೂ ಅಳಿವೆ ಹತ್ರ ಒಬ್ಬಾಂವ ಮಷೀನ್ ದೋಣಿಯಾಗ ಕರ್ಕೊಂಡು ಹೋಗಿ ಸಂಜಿ ಐದಕ್ಕ ನದಿ ನಡುವಿನ ಮಳಲ ದಿಬ್ಬದ ಮ್ಯಾಲ ಇಳಿಸಿದಾ. 2,400 ರೂಪಾಯಿ ಎಣಿಸಿಕೊಂಡಾ, ಚೀಟಿ ಇಲ್ಲ, ಐದು ಮಂದಿಗೆ ಎರಡ ಲೈಫ್ ಜಾಕೆಟ್. "ಬೆಳಿಗ್ಗೆ ಎಂಟಕ್ಕ ಬರ್ತೆ" ಅಂದು ಹೋದಾ. ದಿಬ್ಬ ಆವಾಗ ನಮ್ಮ ಹೊಲದಷ್ಟು ಅಗಲ ಇತ್ತು. ನೀರಿನಿಂದ ಐವತ್ತು ಹೆಜ್ಜಿ ದೂರ ಟೆಂಟ್ ಹೊಡದ್ವಿ, ಇನ್ನೂ ಜಾಗಾ ಉಳದಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೊಲ್ಹಾರದಾಗ ತಗೊಂಡಿದ್ದ ಗಡಿಗಿ ಮೊಸರು, ಎಲ್ಲಾ ಬಿಚ್ಚಿಕೊಂಡು ಕುಂತು ಊಟಾ ಮಾಡಿ ಮಲ್ಕೊಂಡ್ವಿ.

ರಾತ್ರಿ ಹನ್ನೊಂದರ ಸುಮಾರು ಅವ್ವ ಎಬ್ಬಿಸಿದಳು, "ತಮ್ಮಾ, ಹಾಸಿಗಿ ತಣ್ಣಗಾಗೇತಿ ನೋಡು." ಜಿಪ್ ತಗದು ಕಾಲಿಟ್ಟೆ, ಪಾದ ಮುಳುಗೂವಷ್ಟು ನೀರು. ಗೂಟ ಸಡಿಲಾಗಿ ಟೆಂಟಿನ ತಳಾ ಮ್ಯಾಲೆದ್ದು ಜೋಕಾಲಿ ಆಡಿದಂಗ ಆಡಾಕತ್ತಿತ್ತು. ಮೊಸರಿನ ಗಡಿಗಿ ಆ ಬೆಳದಿಂಗಳಾಗ ತೇಲಿಕೋತ ಹೊಂಟಿತ್ತು, ಮಗಳು ಅದನ್ನ ಹಿಡ್ಯಾಕ ಓಡಿದಳು, ನಾ ಆಕಿ ಕೂದಲಾ ಹಿಡದು ಎಳದೆ ರೀ ಸಾಹೇಬ್ರ. ಕೂದಲಾ ಹಿಡದು. ಹತ್ತು ವರ್ಷದ ಕೂಸಿಗಿ ಅಪ್ಪ ಹಂಗ ಎಳದದ್ದು ಇನ್ನೂ ಮರ್ತಿಲ್ಲ.

ದೋಣಿಯಾಂವಗ ಫೋನ್ ಹಚ್ಚಿದೆ, ಸ್ವಿಚ್ ಆಫ್. ದಿಬ್ಬದ ನೆತ್ತಿ ಮ್ಯಾಲ ಕುರುಚಲು ಗಿಡದ ಬುಡಕ್ಕ ಐದೂ ಮಂದಿ ಒತ್ತಿ ನಿಂತ್ವಿ, ಅವ್ವ ಮೊಣಕಾಲ ಮಟ ನೀರಾಗ ನಡಗಿಕೋತ ಮಲ್ಲಯ್ಯನ ಹೆಸರು ಹೇಳಾಕತ್ತಿದ್ಳು. ಬಲಿ ನೋಡಾಕ ಬಂದಿದ್ದ ಇಬ್ಬರು ಮೀನುಗಾರರು ನಮ್ಮ ಟಾರ್ಚ್ ಕಂಡು ಸಣ್ಣ ದೋಣಿ ತಂದು ಎರಡ ಸಲ ಮಾಡಿ ದಂಡಿಗಿ ಮುಟ್ಟಿಸಿದ್ರು. ಒಬ್ಬಾಂವ ಕೇಳಿದಾ, "ಹುಣ್ಣಿಮೆ ಭರತಿ ಇದು, ಇಲ್ಲಿ ಮಲಗೂಕೆ ಯಾರ್ ಹೇಳಿದ್ರು ನಿಮ್ಗೆ?" ರೊಕ್ಕಾ ಕೊಡಾಕ ಹೋದ್ರ ಕೈ ಸರಿಸಿದಾ. ಅವರ ಪುಣ್ಯದಿಂದ ನಾ ಈ ಪತ್ರಾ ಬರಿಯಾಕತ್ತೀನಿ.

ನಮಗ ಹ್ಯಾಂಗ ಗೊತ್ತಾಗಬೇಕ್ರಿ? ನಾವು ಕಂಡ ಹೊಳಿ ಕೃಷ್ಣಾ, ಡೋಣಿ, ಭೀಮಾ. ನಮ್ಮ ಹೊಳಿ ಏರಿದ್ರ ಮಹಾರಾಷ್ಟ್ರದಾಗ ಮಳಿ ಆಗೇತಿ, ನೀರು ಬಿಟ್ಟಾರ ಅಂತ ಎರಡ ದಿನಾ ಮೊದಲ ಡಂಗುರ ಹೊಡಿತಾರ. ಅಲ್ಲಿ ಸಮುದ್ರದ ಭರತಿಗೆ ಹೊಳಿ ದಿನಕ್ಕ ಎರಡ ಸಲ ಏರಿ ಎರಡ ಸಲ ಇಳಿತೈತಿ, ಅಮಾಸಿ ಹುಣ್ಣಿಮಿಗಿ ಜಾಸ್ತಿ ಏರತೈತಿ, ದಿನಾ ಸುಮಾರು 50 ನಿಮಿಷ ತಡಾ ಆಗತೈತಿ ಅಂತ ನಾ ಆಮ್ಯಾಲ ಕಲತದ್ದು. ನಮ್ಮನ್ನ ಇಳಿಸಿದಾಂವಗ ಹುಟ್ಟಿದಾಗಿಂದ ಗೊತ್ತು. ಗೊತ್ತಿದ್ದೂ ಇಳಿಸಿದಾ. ಮರುದಿನ ದೂರು ಕೊಡಾಕ ಹೋದ್ರ ಒಂದ ಕಚೇರಿಯಾಗ ಇದು ನಮಗ ಬರೂದಿಲ್ಲ ಅಂದ್ರು, ಇನ್ನೊಂದ ಕಡಿ "ನೀವು ಬಯಲುಸೀಮೆಯವರು ನೀರು ಕಂಡ್ರೆ ಹುಚ್ಚಾಗ್ತೀರಿ" ಅಂದ್ರು. ನಮ್ಮವ್ವನ ಮುಂದ ಅಂದ್ರು. ನನಗ ನೀರಿಗಿಂತ ಆ ಮಾತ ಹೆಚ್ಚ ಚುಚ್ಚೇತಿ.

ಕಾನೂನು ನಿಮಗ ನಾ ಹೇಳೂದ ಬ್ಯಾಡ. ಸಿಆರ್‌ಝಡ್ ಅಂದ್ರ ಕರಾವಳಿ ನಿಯಂತ್ರಣ ವಲಯದ ನಿಯಮದಾಗ ಭರತಿ ರೇಖಾ ಅಂತ ಐತಿ, ಉಪ್ಪನೀರು ಏರೂ ಹೊಳಿ ದಂಡಿಗೂ ಅದು ಲಾಗೂ, ನಕ್ಷಾದಾಗ ಗೆರಿ ಎಳದಿಟ್ಟಾರ. ಭರತಿ ವೇಳಾಪಟ್ಟಿ ವರ್ಷದ್ದು ಮೊದಲ ಪ್ರಿಂಟ್ ಆಗತೈತಿ. ಮಷೀನ್ ದೋಣಿ ನೋಂದಣಿ, ಜೀವರಕ್ಷಕ ಸಾಮಾನಿಗೆ 2021ರ ಒಳನಾಡು ಹಡಗು ಕಾಯ್ದೆ ಐತಿ. ನಕ್ಷಾದಾಗಿನ ಗೆರಿ ಮಳಲ ಮ್ಯಾಲ ಬರಲಿ, ಅಷ್ಟ ನಾ ಕೇಳೂದು. ಭರತಿ ಎಲ್ಲಿ ಮಟ ಬರತೈತಿ ಅಂತ ಬಣ್ಣಾ ಬಳದ ಒಂದು ಕಂಬ. ಯಾರನ್ನ ಎಷ್ಟ ಮಂದಿನ್ನ ಎಲ್ಲಿ ಇಳಿಸಿದೆ, ಯಾವಾಗ ವಾಪಸ್ ತರ್ತೀನಿ ಅಂತ ದೋಣಿಯಾಂವ ಸಹಿ ಮಾಡೂ ಒಂದು ಪುಸ್ತಕ. ಕಂಬ ಮತ್ತು ಪುಸ್ತಕ.

ಟೆಂಟ್ ಪೂರ್ತಿ ಬಂದ್ ಮಾಡಿದ್ರ ಆತು ಅನ್ನಾವರು ಇದ್ದಾರ. ಅಘನಾಶಿನಿ ಅಳಿವೆ 2024ರಾಗ ಜಗತ್ತಿನ ಮಹತ್ವದ ಜೌಗು ಜಾಗಾಗಳ ರಾಮ್ಸಾರ್ ಪಟ್ಟಿಗೆ ಸೇರೇತಿ, ಕಂಡಕಂಡಲ್ಲಿ ಟೆಂಟ್ ಹೊಡೀಬಾರದು, ನಾ ಒಪ್ಪತೀನಿ. ಇಳಿತದಾಗ ಹೆಣ್ಣಮಕ್ಕಳು ಬರಿಗಾಲಲೆ ಬಳಚು (ಚಿಪ್ಪಿಮೀನು) ಆರಸೂ ಜಾಗಾದಾಗ ಒಡದ ಬಾಟ್ಲಿ ಬಿದ್ದದ್ದು ನಾನ ಕಂಡೀನಿ, ನಾಚಿಕಿ ಆತು. ಅದಕ್ಕ ಗುರುತು ಮಾಡಿದ ಜಾಗಾ ಕೊಡ್ರಿ, ಸಂಡಾಸ ಕಟ್ಟಸ್ರಿ, ರೇಟ್ ಬೋರ್ಡ್ ಹಚ್ಚಸ್ರಿ, ತಪ್ಪಿದವರಿಗೆ ದಂಡ ಹಾಕ್ರಿ. ಬಂದ್ ಮಾಡಿದ್ರ ಮಂದಿ ಕದ್ದು ಹೋಗ್ತಾರ, ಆವಾಗ ಮುಳುಗಿದ್ರೂ ಗೊತ್ತಾಗೂದಿಲ್ಲ.

2019ರ ಜನವರಿ 21ಕ್ಕ ಕಾರವಾರದ ಕೂರ್ಮಗಡ ಜಾತ್ರಿ ಮುಗಿಸಿ ಬರೂ ದೋಣಿ ಮಗುಚಿ 16 ಮಂದಿ ಸತ್ರು, ಅದರಾಗ ಹಾವೇರಿ ಜಿಲ್ಲಾದ ಒಂದ ಮನಿತನದವರ ಇದ್ರು. ಅವತ್ತೂ ಹುಣ್ಣಿಮಿ. ಅವತ್ತ ಟಿವಿ ಮುಂದ ಅತ್ತಾವರು ನಾವು, ಅಷ್ಟು ವರ್ಷದ ಮ್ಯಾಲೂ ನನ್ನ ಮಕ್ಕಳನ್ನ ಚೀಟಿ ಇಲ್ಲದ ದೋಣಿಯಾಗ ಕುಂಡ್ರಿಸಿಕೊಂಡು ಹೋಗಬೇಕಾತಲ್ಲ, ಇನ್ನೂ ಎಷ್ಟ ಮಂದಿ ಹೋಗಬೇಕ್ರಿ?

ಡಿಸೆಂಬರ್‌ನಾಗ ಬೆಳಗಾವಿ ಸುವರ್ಣಸೌಧದಾಗ ಅಧಿವೇಶನ ಕೂಡತೈತಿ. ನಮ್ಮ ಭಾಗದ ಶಾಸಕರು ಹತ್ತಾರು ಮಂದಿ ಇದ್ದೀರಿ. ಒಂದ ಚುಕ್ಕಿ ಗುರುತಿನ ಪ್ರಶ್ನಾ ಹಾಕ್ರಿ ಸಾಹೇಬ್ರ: ದೋಣಿಲೆ ಹೋಗೂ ಕ್ಯಾಂಪಿನ ಜಾಗಾ ಎಷ್ಟ ಅದಾವು, ಭರತಿ ಕಂಬ ಎಲ್ಲೆಲ್ಲಿ ನಿಲ್ಲಿಸೀರಿ, ದೋಣಿ ಪುಸ್ತಕ ಯಾರು ತಪಾಸ ಮಾಡ್ತಾರ. ಉತ್ತರ ಸದನದಾಗ ಬಾಯಿಲೆ ಬರಲಿ. ಗ್ಯಾಲರಿ ಪಾಸ್ ಕೊಟ್ರ ಅಂಗಡಿ ಬಂದ್ ಮಾಡಿ ನಾನೂ ಅವ್ವನ್ನ ಕರ್ಕೊಂಡು ಬಂದು ಕುಂಡ್ರತೀನಿ.

ಕಂಬ ಮತ್ತು ಪುಸ್ತಕ, ಮುಂದಿನ ಹುಣ್ಣಿಮಿ ಸೀಜನ್‌ದೊಳಗ.

ಇಂತಿ,
ವಿಜಯಪುರದ ಒಬ್ಬ ಮತದಾರ